ನನ್ನ ಬಾಲಪಾಠ ಅಪಾಯಕಾರಿ ಎಂದವನಿಗೆ

ಒಂದು ಕಾಲದಲ್ಲಿ ನನ್ನ ಗೆಳೆಯನಾಗಿದ್ದ ಮಿರೋನ್,

ಈ ಪತ್ರಕ್ಕೆ ನಾನು ಅಂಚೆಚೀಟಿ ಹಚ್ಚುವುದಿಲ್ಲ. ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ನಾವು, ಊರು ಬಿಟ್ಟು ಬಂದ ಬೆಲಾರೂಸಿಗಳು, ಹೊರಡಿಸುವ ಪುಟ್ಟ ಪತ್ರಿಕೆಯಲ್ಲಿ ಇದನ್ನು ಅಚ್ಚು ಹಾಕಿಸುತ್ತೇನೆ. ನಮ್ಮ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದಿ, ಎಲ್ಲೆಲ್ಲಿ ಏನೇನು ಅಪರಾಧವಿದೆ ಎಂದು ಬೆಲಾರೂಸಿನ ಸರಕಾರಕ್ಕೆ ಬರೆದುಕೊಡುವುದು ಈಗ ನಿನ್ನ ಸಂಬಳದ ಕೆಲಸ. ಹಾಗಾಗಿ ಪತ್ರ ತಲುಪಿಯೇ ತಲುಪುತ್ತದೆ. ನಿನ್ನಷ್ಟು ಶ್ರದ್ಧೆಯ ಓದುಗ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ನಿನ್ನ ವರದಿ ನನ್ನ ಕೈಗೆ ಬಂದದ್ದು ಚಳಿಗಾಲದ ಕೊನೆಯಲ್ಲಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನಮ್ಮ ಭಾಷೆಯ ಪಾಠ ಹೇಳಿ ಮುಗಿಸಿ ಟ್ರಾಲಿಬಸ್ಸಿನಲ್ಲಿ ನೇತಾಡುತ್ತಾ ಬರುತ್ತಿದ್ದೆ. ಫೋನಿಗೆ ಯಾರೋ ಕಳಿಸಿದ್ದರು. ಇಲ್ಲಿನ ಶನಿವಾರದ ಶಾಲೆಯ ಮಕ್ಕಳಿಗಾಗಿ ನಾನು ಬರೆದ ಬಾಲಪಾಠ ದೇಶಕ್ಕೆ ಅಪಾಯಕಾರಿ, ಅದನ್ನು ಮನೆಯಲ್ಲಿ ಇಟ್ಟುಕೊಂಡವರೂ ಶಿಕ್ಷೆಗೆ ಅರ್ಹರು ಎಂದಿತ್ತು. ಕೆಳಗೆ ಪರಿಣತರ ಸಹಿ: ಭಾಷಾಶಾಸ್ತ್ರಜ್ಞ ಮಿರೋನ್ ತ್ಸಾರುಕ್. ಇಳಿಯಬೇಕಾದ ನಿಲ್ದಾಣ ದಾಟಿ, ನದಿಯೂ ದಾಟಿಹೋಗಿದ್ದು ನನಗೆ ತಿಳಿಯಲೇ ಇಲ್ಲ.

ಬಿಳಿ ತಟ್ಟೆಯ ನಡುವೆ ಸಾಲಾಗಿ ಇಟ್ಟ ಸ್ಟ್ರಾಬೆರಿಯ ಚಿತ್ರವಿತ್ತಲ್ಲ, ಅದು ಬಿಳಿ-ಕೆಂಪು-ಬಿಳಿಯ ನಿಷೇಧಿತ ಬಾವುಟದ ಪರೋಕ್ಷ ಪ್ರಚಾರ ಎಂದಿದ್ದೀಯ. 'ಕೊಕ್ಕರೆ ವಸಂತದಲ್ಲಿ ಮನೆಗೆ ಬರುತ್ತದೆ' ಎಂಬ ಪಾಠ, ದೇಶ ತೊರೆದವರು ಮರಳಿ ಬಂದು ಅಧಿಕಾರ ಹಿಡಿಯುವ ಸೂಚನೆ ಎಂದಿದ್ದೀಯ. ಅಲ್ಲಿಯವರೆಗೆ ನನಗೆ ನಗುವೇ ಬರುತ್ತಿತ್ತು. ಆಮೇಲೆ ಆ ಇನ್ನೊಂದು ವಾಕ್ಯ ಕಂಡಿತು. 'ನೀವು ಯಾರು? ನಾವು ಇಲ್ಲಿಯವರು.' ಅದರ ಎದುರಿಗೆ ನೀನು ಬರೆದದ್ದು: 'ಜನರಲ್ಲಿ ಪ್ರತ್ಯೇಕತೆಯ ಭಾವನೆ ಬಿತ್ತುವ ಉದ್ದೇಶಪೂರ್ವಕ ಹೇಳಿಕೆ.'

ಆ ಮಾತು ಎಲ್ಲಿಂದ ಬಂತೆಂದು ಲೋಕದಲ್ಲಿ ಬಲ್ಲವರು ನಾವಿಬ್ಬರೇ, ಮಿರೋನ್.

ಪೊಲೇಸ್ಯೆಯ ಜೌಗುನಾಡಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಹಳೆಯ ಪದಗಳನ್ನು ಕೂಡಿಹಾಕುತ್ತಿದ್ದ ಆ ಬೇಸಿಗೆ ನೆನಪಿದೆಯೇ? ಕೆಸರು ಮೊಣಕಾಲಿಗೆ ಬಂದಾಗ ನೀನು ಟೇಪ್ ರೆಕಾರ್ಡರನ್ನು ಕೂಸಿನಂತೆ ತಲೆಯ ಮೇಲೆ ಹೊತ್ತು ನಡೆದೆ. ಹಾಪ್ಕಾ ಅಜ್ಜಿ ಒಲೆಯ ಮುಂದೆ ಕೂತು ಆಲೂಗಡ್ಡೆ ತುರಿದು ದೋಸೆ ಹುಯ್ಯುತ್ತಿದ್ದಳು. ನೀನು ಬಹಳ ಗಂಭೀರವಾಗಿ ಕೇಳಿದೆ, "ಅಜ್ಜಿ, ನೀವಾಡೋ ಭಾಷೆ ಯಾವ್ದು?" ಅವಳು ತಿರುಗಿಯೂ ನೋಡದೆ, "ಯಾವ್ದು ಅಂದ್ರೆ? ಇಲ್ಲೀದು," ಅಂದಳು. "ಹಾಗಾದ್ರೆ ನೀವು ಯಾರು?" ಎಂದೆ ನೀನು. ಅಜ್ಜಿ ಸಟ್ಟುಗ ಎತ್ತಿಕೊಂಡೇ ನಿನ್ನ ಕಡೆ ತಿರುಗಿದಳು. "ಪೋಲೆಂಡಿನೋರು ಬಂದ್ರು, ನೀನ್ಯಾರು ಅಂದ್ರು. ಜರ್ಮನರು ಬಂದ್ರು, ನೀನ್ಯಾರು ಅಂದ್ರು. ಮಾಸ್ಕೋದೋರು ಬಂದ್ರು, ಅವರದ್ದೂ ಅದೇ ಪ್ರಶ್ನೆ. ನಾವು ಇಲ್ಲಿಯೋರು ಕಣೋ! ಬಂದೋರು ನೀವು. ನೀವ್ಯಾರು ಅಂತ ನಾನು ಕೇಳ್ಬೇಕು. ಮೊದ್ಲು ದೋಸೆ ತಿನ್ನು, ಆರೋಗತ್ತೆ."

ವಾಪಸು ಬರುವಾಗ ಹುಲ್ಲಿನ ಗಾಡಿಯ ಮೇಲೆ ಮಲಗಿ ನೀನು ಹೇಳಿದೆ, "ಈ ಮಾತು ಮಕ್ಕಳ ಪುಸ್ತಕದಲ್ಲಿ ಇರ್ಬೇಕು ರೈನಾ. ಇಲ್ದಿದ್ರೆ ನಾವು ಓದಿದ್ದೇ ದಂಡ." ನಾನು ಹಾಕಿದೆ. ನೀನು ಅದರ ಕೆಳಗೆ ಗೆರೆ ಎಳೆದು ಅಧಿಕಾರಿಗಳಿಗೆ ಒಪ್ಪಿಸಿದೆ.

ನಿನ್ನನ್ನು ಹೆದರಿಸಿರಬಹುದು. ಅಲ್ಲಿನ ಭಯ ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೆದರಿದವನ ವರದಿ ಅರ್ಧ ಪುಟಕ್ಕೆ ಮುಗಿಯುತ್ತದೆ. ನೀನು ಪುಟಗಟ್ಟಲೆ ಬರೆದಿದ್ದೀಯ, ಅಡಿಟಿಪ್ಪಣಿ ಸಮೇತ. ನಿನ್ನ ವಿದ್ಯೆಯನ್ನೆಲ್ಲ ಅದಕ್ಕೆ ಧಾರೆ ಎರೆದಿದ್ದೀಯ. ನನಗೆ ಸಿಟ್ಟಿರುವುದು ಸಹಿಯ ಮೇಲಲ್ಲ, ಆ ಅಡಿಟಿಪ್ಪಣಿಗಳ ಮೇಲೆ.

ಅದರ ಫಲ ಏನಾಯಿತು ಎಂದು ಕೇಳಿಸಿಕೋ. ಮುಂದಿನ ಶನಿವಾರ ತರಗತಿಯಲ್ಲಿ ಅರ್ಧದಷ್ಟು ಬೆಂಚುಗಳು ಖಾಲಿ. ಮಾರಿಲ್ಯಾ ಎಂಬ ದಾದಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟಳು. (ಇಲ್ಲಿನ ನಮ್ಮವರ ಹೆಸರುಗಳನ್ನೆಲ್ಲ, ಒಬ್ಬಳದ್ದು ಬಿಟ್ಟು, ಬದಲಿಸಿದ್ದೇನೆ. ಹುಡುಕಿ ದಣಿಯಬೇಡ.) "ಊರಲ್ಲಿ ಪೊಲೀಸ್ರು ಅಮ್ಮನ್ನ ಕರೆಸಿ ಕೂರಿಸ್ಕೊಂಡಿದ್ರಂತೆ. ನಿನ್ನ ಮೊಮ್ಮಕ್ಕಳು ಅಲ್ಲಿ ಏನು ಓದ್ತಿದಾರೆ ಅಂತ ಕೇಳಿದ್ರಂತೆ. ನನಗೆ ಧೈರ್ಯ ಇದೆ ರೈನಾ. ಅಮ್ಮನ ಎದೆಗೆ ಅಷ್ಟು ಶಕ್ತಿ ಇಲ್ಲ," ಎಂದಳು. ಪುಸ್ತಕ ತೆಗೆದುಕೊಂಡೆ. ಅವಳ ಮಕ್ಕಳು ಇವತ್ತಿಗೂ ಬಂದಿಲ್ಲ. ಬಂದಾರೆಂಬ ಆಸೆಯೂ ನನಗಿಲ್ಲ. ಇದೊಂದನ್ನು ನಾನು ನಿನಗೆ ಎಂದೂ ಮನ್ನಿಸುವುದಿಲ್ಲ.

ಉಳಿದವರು ಸಭೆ ಸೇರಿದರು. ವಸಂತದಲ್ಲಿ ಪ್ರತಿ ವರ್ಷ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನಾವು ನಡೆಸುವ ಉಕ್ತಲೇಖನದ ಹಬ್ಬವನ್ನು ಈ ಸಲ ಬಿಡೋಣವೇ ಎಂಬ ಮಾತು ಬಂತು. ಮಕ್ಕಳು, ಮುದುಕರು, ಲಾರಿ ಓಡಿಸುವವರು, ಪ್ರಾಧ್ಯಾಪಕರು ಎಲ್ಲರೂ ಒಟ್ಟಿಗೆ ಕೂತು ನಮ್ಮ ಭಾಷೆಯ ಒಂದು ಪುಟ ಬರೆದು, ತಪ್ಪು ಎಣಿಸಿಕೊಂಡು, ಹಣ್ಣು ತುಂಬಿದ ಪೈ ತಿಂದು ಮನೆಗೆ ಹೋಗುವ ದಿನ ಅದು. ಲಾರಿಯ ಅನ್ತೋಸ್ ತಲೆ ತಗ್ಗಿಸಿಕೊಂಡು, "ಈ ವರ್ಷ ಸುಮ್ನಿರೋಣ. ಬಿರುಗಾಳಿ ಬಂದಾಗ ಹುಲ್ಲು ಬಗ್ಗತ್ತೆ, ಅದೇನು ಹೇಡಿತನ ಅಲ್ಲ," ಅಂದ. ಆಗ ಯಾಡ್ವಿಗಾ ಅಜ್ಜಿ ಎದ್ದಳು. ಇದೇ ನಗರದಲ್ಲಿ ಹುಟ್ಟಿ, ಎಷ್ಟೋ ಸರಕಾರಗಳು ಬಂದು ಹೋದದ್ದನ್ನು ಕಿಟಕಿಯಿಂದ ನೋಡಿದವಳು. "ಬಗ್ಗು ಅನ್ತೋಸ್, ಬಗ್ಗು. ಬಗ್ಗಿ ಬಗ್ಗಿ ಎದ್ದು ನಿಲ್ಲೋದೇ ಮರೆತುಹೋಗತ್ತೆ. ನಾವೇನು ಬಾಂಬ್ ಮಾಡ್ತಿದೀವಾ? ಕಾಗುಣಿತ ತಿದ್ತಾ ಇದೀವಿ! ಕಾಗುಣಿತಕ್ಕೆ ಹೆದರೋ ಸರಕಾರಕ್ಕೆ ನಾನು ಹೆದರ್ಬೇಕಾ?" ಎಲ್ಲರೂ ನಕ್ಕರು. ಅನ್ತೋಸ್ ಮೊದಲು ಕೆಂಪಾದ, ಆಮೇಲೆ ಅವನೂ ನಕ್ಕ. ಯಾರ ಹೆಸರೂ ಬರೆದಿಡುವುದಿಲ್ಲ, ಮುಖ ಕಾಣುವಂತೆ ಚಿತ್ರ ತೆಗೆಯುವುದಿಲ್ಲ, ಆದರೆ ಹಬ್ಬ ನಡೆಯಲೇಬೇಕು ಎಂದು ತೀರ್ಮಾನವಾಯಿತು.

ಈಗ ನಿನಗೆ ಕಷ್ಟವಾಗುವ ಮಾತು. ಕೂತುಕೊಂಡು ಓದು.

ನನ್ನ ಐಚ್ಛಿಕ ತರಗತಿಗೆ ರಸಾಯನಶಾಸ್ತ್ರ ಓದುವ ಹುಡುಗಿಯೊಬ್ಬಳು ಬರುತ್ತಿದ್ದಳು. ಹಿಂದಿನ ಬೆಂಚು, ಮಾತು ಕಡಿಮೆ. ಆ ಸಭೆಯ ಮರುವಾರ ಪಾಠ ಮುಗಿದ ಮೇಲೂ ಅವಳು ಏಳಲಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಮೇಡಂ, ಹಾಜರಿಯಲ್ಲಿರೋದು ನನ್ನ ಅಮ್ಮನ ಮನೆತನದ ಹೆಸರು. ನಾನು ಉಸ್ತಿನ್ಯಾ ತ್ಸಾರುಕ್," ಎಂದಳು. ಆಗ ನೋಡಿದೆ, ಅದೇ ನಿನ್ನ ಗದ್ದ, ತುಟಿ ಬಿಗಿಹಿಡಿಯುವ ಅದೇ ರೀತಿ. ನಿನ್ನನ್ನು ಬಿಟ್ಟು ಬಂದ ನಿನ್ನ ಹೆಂಡತಿ ಮಗಳೊಡನೆ ಈ ನಗರದಲ್ಲೇ ಇದ್ದಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಉಕ್ತಲೇಖನದ ಪಠ್ಯವನ್ನು ತಾನೇ ಓದಿ ಹೇಳುತ್ತೇನೆ ಎಂದಳು. ನಾನು ಖಂಡಿತ ಬೇಡವೆಂದೆ. "ನಿಮ್ಮಪ್ಪನಿಗೆ ತೊಂದ್ರೆ ಆಗತ್ತೆ, ಮಗಳೇ." ಅವಳು ತಟ್ಟನೆ ಕೇಳಿದಳು, "ಅಪ್ಪನ ಸಹಿಯಿಂದ ಯಾರ್ಯಾರಿಗೆ ತೊಂದ್ರೆ ಆಯ್ತು ಅಂತ ಅಪ್ಪ ಕೇಳಿದಾರಾ ಮೇಡಂ? ನಾನು ಯಾರನ್ನೂ ಜೈಲಿಗೆ ಕಳಿಸ್ತಿಲ್ಲ. ಒಂದು ಪುಟ ಓದ್ತೀನಿ. ಅಷ್ಟೇ." ಅವಳ ತಾಯಿಯನ್ನು ಕಂಡು ಮಾತಾಡಿದೆ. ಆಕೆ, "ಅವಳು ಅವರಪ್ಪನ ಹಾಗೇ ಹಟಮಾರಿ. ಆದ್ರೆ ಅವಳ ಹಟ ಒಳ್ಳೇ ಕಡೆ ತಿರುಗಿದೆ," ಅಂದಳು. ನಾನು ಒಪ್ಪಿಕೊಂಡೆ. ಒಪ್ಪಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಹಬ್ಬದ ಭಾನುವಾರ ಸಭಾಂಗಣ ತುಂಬಿ, ಮೆಟ್ಟಿಲ ಮೇಲೂ ಜನ. ನಿನ್ನ ವರದಿಯೇ ನಮಗೆ ಡಂಗುರ ಹೊಡೆದಿತ್ತು, ಮಿರೋನ್. ಅಪಾಯಕಾರಿ ಬಾಲಪಾಠ ಎಂಥದಿರಬಹುದು ಎಂದು ನೋಡಲು ಲಿಥುವೇನಿಯಾದ ಹುಡುಗರೂ ಬಂದು ಕೂತಿದ್ದರು. ವರ್ಷಗಟ್ಟಲೆ ನಮ್ಮಿಂದ ದೂರವೇ ಉಳಿದಿದ್ದ ಅಂಗಡಿಯವರು, ಕಟ್ಟಡ ಕೆಲಸದವರು ಬಂದಿದ್ದರು. ಅನ್ತೋಸ್ ಮೊದಲ ಸಾಲಿನಲ್ಲೇ ಇದ್ದ, ತೊಳೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ಉಸ್ತಿನ್ಯಾ ವೇದಿಕೆಗೆ ಬಂದಳು. ಹಾಳೆಯನ್ನು ಮುಂದೆ ಹರಡಿಕೊಂಡು, ತಲೆ ಎತ್ತಿ ಹೇಳಿದಳು. "ಇವತ್ತಿನ ಪಠ್ಯ ಆರಿಸಿಕೊಟ್ಟೋರು ಭಾಷಾಶಾಸ್ತ್ರಜ್ಞ ಮಿರೋನ್ ತ್ಸಾರುಕ್. ನಮ್ಮ ಬಾಲಪಾಠದಲ್ಲಿ ಮುಖ್ಯವಾದ ವಾಕ್ಯಗಳು ಯಾವುವು ಅಂತ ಅವರೇ ಒಂದೊಂದಾಗಿ ಗುರುತು ಹಾಕಿಕೊಟ್ಟಿದಾರೆ. ನಾವು ಅವನ್ನ ಸಾಲಾಗಿ ಜೋಡಿಸಿದೀವಿ, ಅಷ್ಟೇ. ನಾನು ಅವರ ಮಗಳು."

ಎಲ್ಲರೂ ಅವಳನ್ನೇ ನೋಡುತ್ತಾ ಕೂತರು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಯಾಡ್ವಿಗಾ ಅಜ್ಜಿಯೇ ಊರುಗೋಲಿನಿಂದ ನೆಲ ಕುಟ್ಟಿದಳು. "ಏನ್ರೋ ಬಾಯಿ ಬಿಟ್ಕೊಂಡು ನೋಡ್ತಿದೀರಿ? ಹುಡುಗಿ ಹೇಳ್ತಿದಾಳೆ, ಬರ್ಕೊಳ್ಳಿ!"

ಬರೆದುಕೊಂಡರು. ಕೊಕ್ಕರೆ ವಸಂತದಲ್ಲಿ ಮನೆಗೆ ಬಂತು. ಬಿಳಿ ತಟ್ಟೆಯಲ್ಲಿ ಕೆಂಪು ಹಣ್ಣು ಸಾಲಾಗಿ ಕೂತಿತು. ಸಭಾಂಗಣವೇ ಗೊಳ್ಳೆಂದು ನಕ್ಕಿತು. ಅವಳು ನಗದೆ, ಒಳ್ಳೆಯ ಮೇಷ್ಟರ ಹಾಗೆ ಪ್ರತಿ ವಾಕ್ಯವನ್ನೂ ಎರಡೆರಡು ಸಲ ಹೇಳಿದಳು. ಕೊನೆಯ ವಾಕ್ಯ 'ನಾವು ಇಲ್ಲಿಯವರು' ಎಂಬುದಾಗಿತ್ತು. ಅದನ್ನು ಹೇಳುವ ಹೊತ್ತಿಗೆ ನಗು ನಿಂತಿತ್ತು. ಊರು ಬಿಟ್ಟು, ಬೇರೆ ದೇಶದ ಬೆಂಚಿನ ಮೇಲೆ ಕೂತು ಆ ವಾಕ್ಯ ಬರೆಯುವುದು ಸುಲಭವಲ್ಲ. ಎಷ್ಟೋ ಜನ ಪೆನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ತಡೆದರು. ಆಮೇಲೆ ಬರೆದರು. ಪೆನ್ನುಗಳ ಸದ್ದು ಕೇಳುತ್ತಾ ನಾನು ಗೋಡೆಗೊರಗಿ ನಿಂತಿದ್ದೆ. ಅಂಥ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ತಪ್ಪುಗಳಿಗೇನೂ ಬರವಿರಲಿಲ್ಲ. ನಮ್ಮ ಗಿಡ್ಡ 'ಉ' ಇದೆಯಲ್ಲ, ತಲೆಯ ಮೇಲೆ ಪುಟ್ಟ ಬಟ್ಟಲು ಹೊತ್ತ ಅಕ್ಷರ, ಅದರ ಬಟ್ಟಲನ್ನು ಬಹಳ ಜನ ಮರೆತಿದ್ದರು. ಲಿಥುವೇನಿಯಾದ ಹುಡುಗನೊಬ್ಬ ಎಲ್ಲ 'ಉ'ಗಳಿಗೂ ಬಟ್ಟಲು ಹೊರಿಸಿದ್ದ, ಒಂದಾದರೂ ಸರಿಯಿರುತ್ತದೆ ಎಂದು. ಅವನೀಗ ನಮ್ಮ ವಿಭಾಗಕ್ಕೆ ಸೇರಿದ್ದಾನೆ. ಬಾಲಪಾಠ ಮತ್ತೆ ಅಚ್ಚಾಗುತ್ತಿದೆ. ವಾರ್ಸಾದಿಂದ, ಲಂಡನ್ನಿನಿಂದ ನಮ್ಮವರು ಬೇಕೆಂದು ಕೇಳಿದ್ದಾರೆ. ನೀನು ಗೆರೆ ಎಳೆದ ಒಂದು ವಾಕ್ಯವನ್ನೂ ನಾನು ತೆಗೆದಿಲ್ಲ. ಸ್ಟ್ರಾಬೆರಿಯ ಚಿತ್ರವನ್ನು ದೊಡ್ಡದು ಮಾಡಿಸಿದ್ದೇನೆ.

ಉಸ್ತಿನ್ಯಾ ಆ ದಿನ ಎಲ್ಲ ಮುಗಿದ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಚಹಾ ಕೊಟ್ಟೆ, ಕುಡಿಯಲಿಲ್ಲ. ನಿನಗೆ ಪತ್ರ ಬರೆಯುತ್ತೇನೆಂದಾಗ ಮೂಗು ಒರೆಸಿಕೊಂಡು, "ನನ್ನ ಹೆಸರು ಹಾಕಿ ಮೇಡಂ. ಅಪ್ಪ ಎಲ್ಲರ ಹೆಸರೂ ಹಾಕ್ತಾರಲ್ಲ, ನಂದೂ ಓದ್ಲಿ," ಎಂದಳು. ಬಾಗಿಲ ತನಕ ಹೋಗಿ ತಿರುಗಿ ಬಂದು, "ಚೆನ್ನಾಗಿದಾಳೆ ಅಂತಾನೂ ಬರೀರಿ," ಎಂದಳು. ಬರೆದಿದ್ದೇನೆ. ಚೆನ್ನಾಗಿದ್ದಾಳೆ. ರಸಾಯನಶಾಸ್ತ್ರ ಬಿಡುವುದಿಲ್ಲವಂತೆ, ಆದರೆ ಶನಿವಾರ ಬಂದು ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಾಳೆ.

ನೀನು ಮನಸ್ಸು ಬದಲಿಸು ಎಂದು ಬೇಡಿಕೊಳ್ಳಲು ಇದನ್ನು ಬರೆಯಲಿಲ್ಲ. ನಾವು ನಿಲ್ಲಿಸುವುದಿಲ್ಲ ಎಂದು ತಿಳಿಸಲು ಬರೆದೆ. ನೀನು ಒಂದು ಪುಸ್ತಕಕ್ಕೆ ಅಪಾಯಕಾರಿ ಎಂದು ಮುದ್ರೆ ಒತ್ತುವಷ್ಟರಲ್ಲಿ ನಾವು ಎರಡು ಬರೆಯುತ್ತೇವೆ. ನಿಘಂಟು ಮಾಡುತ್ತೇವೆ, ಮಕ್ಕಳಿಗೆ ಒಗಟು ಕಲಿಸುತ್ತೇವೆ, ಅಡುಗೆ ಪುಸ್ತಕ ಅಚ್ಚು ಹಾಕುತ್ತೇವೆ. ಬೀಟ್‌ರೂಟ್ ಸಾರಿನಲ್ಲೂ ನಿನಗೆ ಬಾವುಟ ಕಂಡರೆ ಅದು ನಿನ್ನ ಕಣ್ಣಿನ ಪಾಡು.

ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ. ಒಳ್ಳೆಯ ಕನ್ನಡಕ ಸಿಗಲಿ. ನೀನು ಓದಿ ಮುಗಿಸಲಾರದಷ್ಟು ನಾವು ಬರೆಯುವಂತಾಗಲಿ.

ಬರೆಯುತ್ತಲೇ ಇರುವ,
ರೈನಾ