ಮಾತು ಕೇಳದ ಕೆಂಚಿ

ಬಸವಾಪಟ್ಟಣ
14-12-1981, ಸೋಮವಾರ

ಸೊಕ್ಕೆಯಲ್ಲಿರುವ ನನ್ನ ಅವ್ವನಿಗೆ ಕೊಟ್ರಿ ಮಾಡುವ ಶರಣು.

ನಿನ್ನ ಕಾಗದ ಬಂದು ವಾರದ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಕಾಲುನೋವಿನ ನೆಪ ಹೇಳಬಹುದಿತ್ತು. ಆದರೆ ಕಾಲು ಈಗ ಪರವಾಗಿಲ್ಲ. ಕೋಲು ಹಿಡಿದು ಹಿತ್ತಲಿನವರೆಗೆ ನಾನೇ ಹೋಗಿಬರುತ್ತೇನೆ, ಮಣೆಯ ಮೇಲೆ ಕೂತು ರೊಟ್ಟಿ ಬಡಿಯುತ್ತೇನೆ. ಏನು ಬರೆಯಬೇಕೆಂದು ತಿಳಿಯದೆ ತಡವಾಯಿತು, ಅಷ್ಟೆ. ನಿನಗೆ ಸುಲಭವಾಗಲಿ ಎಂದು ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ನಿಧಾನವಾಗಿ ಕೂಡಿಸಿಕೊಂಡು ನೀನೇ ಓದು. ತಮ್ಮನಿಗಾಗಲಿ ಪೋಸ್ಟಿನವನಿಗಾಗಲಿ ಕೊಟ್ಟು ಓದಿಸಬೇಡ.

ಸಂಕ್ರಾಂತಿಗೆ ಅಳಿಯಂದಿರನ್ನು ಕರೆದುಕೊಂಡು ಬಾ, ಬಳಗದವರನ್ನೆಲ್ಲ ಕೂಡಿಸಿ ಗುಡಿಯ ಮುಂದೆ ಶಾಲು ಹೊದಿಸಬೇಕು, ನಾಯಿಯನ್ನೂ ತನ್ನಿ, ಅದಕ್ಕೂ ಒಂದು ಹಾರ ಹಾಕೋಣ ಎಂದು ಬರೆದಿದ್ದೀ. ಮಗಳ ಜೀವ ಉಳಿಸಿಕೊಟ್ಟವರ ಋಣ ತೀರಿಸದೆ ನಿನಗೆ ಸಮಾಧಾನವಿಲ್ಲ ಎಂದಿದ್ದೀ. ಅವ್ವ, ಅದನ್ನು ಮಾಡಬೇಡ. ಯಾಕೆ ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ನಿನ್ನ ಅಳಿಯ ಮಿಲಿಟರಿಯಲ್ಲಿ ನಾಯಿ ಪಳಗಿಸುವ ಕೆಲಸದಲ್ಲಿದ್ದರು ಅನ್ನುವುದು ನಿನಗೆ ಗೊತ್ತು. ಊರಿಗೆ ಬಂದ ಮೇಲೂ ಅವರ ಕೈ ಸುಮ್ಮನಿರಲಿಲ್ಲ. ಚನ್ನಗಿರಿಯಲ್ಲಿ ಯಾರೋ ಅಧಿಕಾರಿಯ ಮನೆಯ ಜಾತಿನಾಯಿ ಬೀದಿನಾಯಿಯ ಜೊತೆ ಸೇರಿ ಹಾಕಿದ್ದ ಮರಿಯನ್ನು ಚೀಲದಲ್ಲಿ ತಂದರು. ಮೈಯೆಲ್ಲ ಕೆಂಚಗಿದ್ದುದರಿಂದ ಕೆಂಚಿ ಎಂದು ಕರೆದೆವು. ಕಲಿಸುವಾಗ ಮಾತ್ರ ಎಲ್ಲ ಹಿಂದಿ. ನಮ್ಮ ಅತ್ತೆ ಶಂಕ್ರಮ್ಮನವರು ಕನ್ನಡದಲ್ಲಿ ಎಷ್ಟು ಬೈದರೂ ಕದಲದ ನಾಯಿ, ನಿನ್ನ ಅಳಿಯ ಒಮ್ಮೆ ‘ಬೈಠ್’ ಎಂದರೆ ಅಂಗಳದ ನಡುವೆ ಕೂತುಬಿಡುತ್ತಿತ್ತು. ಮುಂದೆ ರೊಟ್ಟಿ ಇಟ್ಟರೂ ಅಪ್ಪಣೆಯಾಗುವವರೆಗೆ ಮುಟ್ಟುತ್ತಿರಲಿಲ್ಲ. ಬಾಯಿಂದ ಜೊಲ್ಲು ಸುರಿದು ನೆಲ ಒದ್ದೆಯಾಗುತ್ತಿತ್ತು. ಹೊಸದಾಗಿ ಬಂದ ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಕೇಳಿದರೆ, ಹೇಳಿದ್ದು ಕೇಳುವುದರಲ್ಲೇ ಅದಕ್ಕೆ ಸುಖ, ನಿನಗೆ ತಿಳಿಯುವುದಿಲ್ಲ ಎನ್ನುತ್ತಿದ್ದರು. ನಿಜವೂ ಇರಬಹುದು. ಅವರು ಬಯಲಿನಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ಬಾಲ ಬಡಿಯುತ್ತ ಕಾಯುತ್ತಿದ್ದದ್ದೂ ಅದೇ ಕೆಂಚಿ. ಬೆತ್ತ ಹಿಡಿದು ಕಲಿಸಿದವರಲ್ಲ ಅವರು. ಒಮ್ಮೆಯೂ ಹೊಡೆದದ್ದನ್ನು ನಾನು ಕಂಡಿರಲಿಲ್ಲ.

ಯುಗಾದಿ ಕಳೆದ ಮೇಲೆ ಹೊನ್ನಾಳಿ ಕಡೆ ಮದುವೆಗೆಂದು ನಮ್ಮ ಊರಿನ ಹೆಂಗಸರು ಟ್ರ್ಯಾಕ್ಟರಿನಲ್ಲಿ ಹೋಗಿದ್ದೆವು. ತಿರುಗಿ ಬರುವಾಗ ಊರು ಇನ್ನೇನು ಬಂತು ಅನ್ನುವಷ್ಟರಲ್ಲಿ ನಾಲೆ ಏರಿಯ ತಿರುವಿನಲ್ಲಿ ಟ್ರೈಲರ್ ಮಗುಚಿತು. ನನ್ನ ಪಕ್ಕದಲ್ಲಿ ಹಿಂದಿನ ಬೀದಿಯ ಕರಿಯಕ್ಕ ಕೂತಿದ್ದಳು. ಮಡಿಲಿನ ವೀಳ್ಯದೆಲೆ ಬಾಡೀತು ಎಂದು ಸೆರಗು ಹೊದಿಸಿಕೊಳ್ಳುತ್ತಿದ್ದಳು. ಅಲ್ಲಿಂದ ಮುಂದೆ ನನಗೆ ಏನೂ ನೆನಪಿಲ್ಲ.

ಮಿಕ್ಕಿದ್ದನ್ನು ಊರೆಲ್ಲ ಹೇಳಿದಂತೆಯೇ ನಿನಗೆ ಬರೆದಿದ್ದೆ. ಟ್ರೈಲರ್ ನಾಲೆಯ ಕಡೆಗೆ ಬಿದ್ದಿತ್ತು, ಜನ ನೀರಿಗೆ ಇಳಿದು ಹುಡುಕುತ್ತಿದ್ದರು. ನಾನೂ ಕರಿಯಕ್ಕನೂ ಮಾತ್ರ ಏರಿಯ ಆಚೆಗೆ ಸಿಡಿದುಹೋಗಿ ಜೊಂಡು ಬೆಳೆದ ಹಳ್ಳದಲ್ಲಿ ಬಿದ್ದಿದ್ದೆವು. ಅತ್ತ ಯಾರೂ ನೋಡಿರಲಿಲ್ಲ. ಸುದ್ದಿ ಕೇಳಿ ನಿನ್ನ ಅಳಿಯ ಕೆಂಚಿಯೊಂದಿಗೆ ಓಡಿಬಂದರು, ಅವರು ಕಲಿಸಿದ ನಾಯಿ ವಾಸನೆ ಹಿಡಿದು ನಮ್ಮನ್ನು ತೋರಿಸಿತು. ಕರಿಯಕ್ಕ ದಾವಣಗೆರೆ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡಳು, ನಾನು ಉಳಿದೆ. ಹೀಗೆಂದು ನಾನೂ ನಂಬಿದ್ದೆ.

ಆಮೇಲೆ ಅವರು ನನ್ನನ್ನು ನೋಡಿಕೊಂಡದ್ದರಲ್ಲಿ ಸುಳ್ಳಿಲ್ಲ ಅವ್ವ. ಅದನ್ನು ಇಲ್ಲಿ ಬರೆಯದೆ ಹೋದರೆ ನಾನು ಮನುಷ್ಯಳಲ್ಲ. ಸೊಂಟದಿಂದ ಕೆಳಗೆ ಸಿಮೆಂಟಿನ ಪಟ್ಟು ಹಾಕಿ ಮಲಗಿಸಿದ್ದಾಗ ಮೈ ಒರೆಸಿದವರು ಅವರು, ತಲೆ ಬಾಚಿದವರು ಅವರು. ಹೆಂಡತಿಯ ಬೆಡ್‌ಪ್ಯಾನ್ ಎತ್ತುವ ಗಂಡಸನ್ನು ನಮ್ಮ ಅತ್ತೆ ಅದೇ ಮೊದಲು ನೋಡಿದ್ದು. ಪಟ್ಟು ಬಿಚ್ಚಿದ ಮೇಲೆ ಎಬ್ಬಿಸಿ ನಿಲ್ಲಿಸಿ, ನಾನು ಅಳುತ್ತಿದ್ದರೂ ಬಿಡದೆ, ಗೋಡೆ ಹಿಡಿಸಿ ಮತ್ತೆ ನಡೆಯಲು ಕಲಿಸಿದರು. ನೋಡಲು ಬಂದವರೆಲ್ಲ ನೀನು ಪುಣ್ಯವಂತೆ ಎಂದೇ ಹೇಳಿ ಹೋಗುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಸ್ವಾತಂತ್ರ್ಯ ದಿನ ಹೈಸ್ಕೂಲು ಬಯಲಿನಲ್ಲಿ ಅವರಿಗೂ ಕೆಂಚಿಗೂ ಹಾರ ಹಾಕಿದರಂತೆ. ಆಮೇಲೆ ಹೊನ್ನಾಳಿಯಿಂದ, ನ್ಯಾಮತಿಯಿಂದ ಜನ ತಮ್ಮ ನಾಯಿಗಳನ್ನು ಕಲಿಸಿಕೊಡಿ ಎಂದು ಹಿಡಿದುಕೊಂಡು ಬರತೊಡಗಿದರು. ಬೆಳಿಗ್ಗೆ ಎದ್ದರೆ ಕಣದ ತುಂಬ ನಾಯಿಗಳು. ಯಾರಾದರೂ ಅಪಘಾತದ ಮಾತು ತೆಗೆದರೆ ಮಾತ್ರ ಅವರು ಎದ್ದು ಒಳಗೆ ಬಂದುಬಿಡುತ್ತಿದ್ದರು. ಹೊಗಳಿಸಿಕೊಳ್ಳಲು ಸಂಕೋಚ ಎಂದು ನಾವು ತಿಳಿದಿದ್ದೆವು.

ಬದಲಾದದ್ದು ಕೆಂಚಿ. ಅದು ಅವರ ಮಾತು ಕೇಳುವುದನ್ನೇ ಬಿಟ್ಟಿತು. ಬಂದವರ ಎದುರಿಗೆ ಅವರು ‘ಬೈಠ್’ ಎಂದರೆ ಒಮ್ಮೆ ಮುಖ ನೋಡಿ, ಎದ್ದು ಬಂದು ನನ್ನ ಮಂಚದ ಕೆಳಗೆ ಮಲಗುತ್ತಿತ್ತು. ಅವರು ಮೊದಲು ನಕ್ಕರು, ಆಮೇಲೆ ಸರಪಳಿ ಹಾಕಿದರು. ಆಮೇಲೆ ಎರಡೆರಡು ದಿನ ಅನ್ನ ಹಾಕಲಿಲ್ಲ. ನನ್ನ ತಟ್ಟೆಯದನ್ನು ನಾನು ಕದ್ದು ಕೊಡುತ್ತಿದ್ದೆ. ಎಂದೂ ಕೈ ಎತ್ತದವರು ಒಂದು ಸಂಜೆ ತೊಗಲಿನ ಪಟ್ಟಿಯಿಂದ ಬಾರಿಸಿದರು. ಅತ್ತೆಯವರು ನಡುವೆ ಬಂದು, ಮನೆಮಗಳ ಜೀವ ಕಾಯ್ದ ಪ್ರಾಣಿಯನ್ನು ಹೀಗೆ ಹೊಡೆಯುತ್ತೀಯಲ್ಲ ಎಂದು ಗದರಿದರು. ಇವರು ಪಟ್ಟಿ ಎಸೆದು ಹೊರಗೆ ಹೋದರು. ಆ ರಾತ್ರಿ ಊಟಕ್ಕೂ ಒಳಗೆ ಬರಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ.

ತಿಳಿದದ್ದು ಕಾರ್ತಿಕದಲ್ಲಿ. ಅದೇ ಟ್ರೈಲರಿನಲ್ಲಿದ್ದು ಕೈ ಮುರಿದುಕೊಂಡಿದ್ದ ದ್ಯಾಮಮ್ಮ ನನ್ನನ್ನು ನೋಡಲು ಬಂದಿದ್ದಳು. ಕೆಂಚಿಯ ತಲೆ ಸವರುತ್ತ, ನಿನ್ನ ಗಂಡ ಅಷ್ಟು ಎಳೆದಾಡಿದರೂ ಇದು ಬಿಡಲಿಲ್ಲ ನೋಡು ಎಂದಳು. ನನಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು, ಕೇಡಿನಿಂದ ಹೇಳಿದ್ದಲ್ಲ. ನಾನು ಗೊತ್ತಿರುವವಳಂತೆ ಹೂಂ ಅನ್ನುತ್ತ ಪೂರ್ತಿ ಕೇಳಿಸಿಕೊಂಡೆ.

ಆವತ್ತು ಅವಳು ಏರಿಯ ಮೇಲೆ ಬಿದ್ದುಕೊಂಡು ಎಲ್ಲವನ್ನೂ ನೋಡುತ್ತಿದ್ದಳಂತೆ. ಪೆಟ್ಟಾದವರನ್ನು ತುಂಬಿಕೊಂಡು ಒಂದು ಲಾರಿ ಆಗಲೇ ಹೊರಟಿತ್ತು, ಕೊಟ್ರಮ್ಮ ಅದರಲ್ಲೇ ಹೋದಳು ಎಂದು ಯಾರೋ ಇವರಿಗೆ ಹೇಳಿದ್ದರು. ಇವರು ಅದನ್ನು ನಂಬಿ, ಕೆಂಚಿಯನ್ನು ಏರಿಯ ಮೇಲೆ ಕೂರಲು ಹೇಳಿ, ಟ್ರೈಲರ್ ಎತ್ತುವವರ ಜೊತೆ ಸೇರಿಕೊಂಡರು. ಕೆಂಚಿ ಕೂರಲಿಲ್ಲ. ಜೊಂಡಿನ ಕಡೆ ಓಡಿ ಬೊಗಳಿತು. ಇವರು ಹೋಗಿ ಕೊರಳು ಹಿಡಿದು ಎಳೆತಂದು ಕೂರಿಸಿದರು. ಅದು ಮತ್ತೆ ಓಡಿತು. ಮಿಲಿಟರಿ ನಾಯಿಮೇಷ್ಟ್ರ ನಾಯಿಯೇ ಮಾತು ಕೇಳುವುದಿಲ್ಲವಲ್ಲ ಎಂದು ಯಾರೋ ಅಂದರಂತೆ. ಇವರು ಅದನ್ನು ಮತ್ತೆ ಎಳೆತಂದು, ಟವೆಲಿನಿಂದ ಟ್ರ್ಯಾಕ್ಟರಿನ ಚಕ್ರಕ್ಕೆ ಕಟ್ಟಿದರು. ಕೆಂಚಿ ಟವೆಲು ಕಡಿದುಕೊಂಡು ಹೋಯಿತು. ತಿರುವಿನಲ್ಲಿ ಚಹದಂಗಡಿ ಇಟ್ಟಿರುವ ಚಿಕ್ಕಹನುಮಂತಪ್ಪ, ಏನಿದೆ ನೋಡೋಣ ಎಂದು ಅದರ ಹಿಂದೆ ಹೋದದ್ದರಿಂದ ನಾವು ಸಿಕ್ಕೆವು. ಅಷ್ಟರಲ್ಲಿ ಕತ್ತಲಾಗುತ್ತ ಬಂದಿತ್ತು. ಎತ್ತುವಾಗ ಕರಿಯಕ್ಕ ನೀರು ಕೇಳಿದಳು ಎಂದು ದ್ಯಾಮಮ್ಮ ಕಣ್ಣೊರೆಸಿಕೊಂಡಳು.

ಅವಳು ಹೋದ ಮೇಲೆ ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಅವರು ಬಂದು ಕಾಲಿಗೆ ಎಣ್ಣೆ ತಿಕ್ಕಿದರು, ನೋವು ಹೆಚ್ಚಾಗಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಆ ಕೈಗಳ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಆ ಕೈಗಳಿಲ್ಲದಿದ್ದರೆ ನಾನು ಎದ್ದು ನಿಲ್ಲುತ್ತಿರಲಿಲ್ಲ ಅನ್ನುವುದೂ ಗೊತ್ತಿತ್ತು. ಯಾರಿಗೂ ಹೇಳದೆ ಹಾಗೇ ದಿನ ತಳ್ಳಿದೆ. ನಿನಗೆ ಎಲ್ಲರೂ ಕ್ಷೇಮ ಎಂದು ಕಾರ್ಡು ಬರೆದದ್ದು ಆ ದಿನಗಳಲ್ಲೇ.

ಹೋದ ಬುಧವಾರ ಬೆಳಿಗ್ಗೆ ಅವರು ಕೆಂಚಿಯ ಕೊರಳಿಗೆ ಪಟ್ಟಿ ಹಾಕಿ ಹೊರಡಿಸಿದರು. ನ್ಯಾಮತಿಯ ಅಡಿಕೆ ಮಂಡಿಯವರೊಬ್ಬರು ಗೋದಾಮು ಕಾಯಲು ಕೇಳಿದ್ದಾರೆ, ಕೊಟ್ಟುಬಿಡುತ್ತೇನೆ, ಮಾತು ಕೇಳದ ನಾಯಿ ಮನೆಯಲ್ಲಿರಬಾರದು ಎಂದರು. ಅಲ್ಲಿ ಹಗಲೂ ರಾತ್ರಿ ಕಟ್ಟಿಹಾಕುತ್ತಾರೆ ಎಂದು ನನಗೆ ಗೊತ್ತು. ಕೆಂಚಿ ಮಂಚದ ಕಾಲಿಗೆ ಒತ್ತಿಕೊಂಡು ಕೂತು ಏಳಲಿಲ್ಲ. ಅವರು ಎಳೆದರು. ಅದರ ಉಗುರು ನೆಲಕ್ಕೆ ಕೆರೆಯುತ್ತಿದ್ದ ಸದ್ದು ಕೇಳಿ ನನಗೆ ತಡೆಯಲಾಗಲಿಲ್ಲ. ಕೋಲೂ ಇಲ್ಲದೆ ಎದ್ದು ಬಾಗಿಲಿಗೆ ಅಡ್ಡ ನಿಂತೆ.

“ಆವತ್ತು ಇದು ನಿಮ್ಮ ಮಾತು ಕೇಳಿದ್ರೆ ನಾನು ಆ ಜೊಂಡಿನಾಗೇ ಸತ್ತಿರ್ತಿದ್ದೆ ಕಣ್ರೀ” ಎಂದೆ.

ಪಟ್ಟಿ ಹಿಡಿದ ಕೈ ಹಾಗೇ ನಿಂತಿತು. ಯಾರು ಹೇಳಿದರು ಎಂದು ಕೇಳಿದರು.

“ಯಾರಾದ್ರೂ ಹೇಳಿರ್ಲಿ. ಹೌದಾ ಅಲ್ವಾ, ಅಷ್ಟು ಹೇಳ್ರಿ.”

ಅವರು ಹೊಸ್ತಿಲ ಮೇಲೆ ಕುಸಿದು ಕೂತರು. ಆಮೇಲೆ ಹೌದು ಎಂದರು. ನೆಲ ನೋಡುತ್ತಲೇ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

“ನೀನು ಲಾರಿಯಾಗೆ ಹೋಗಿದ್ದಿ ಅಂದ್ಕಂಡಿದ್ದೆ. ಅದಕ್ಕೇ ನನಗೆ ಜನರ ಮುಂದೆ ನಾಯಿ ಮಾತು ಕೇಳ್ಬೇಕು ಅನ್ನೋ ಮರ್ಯಾದೇನೇ ದೊಡ್ಡದಾತು. ಕರಿಯಕ್ಕಗೆ ಆಗ ಉಸಿರಿತ್ತು ಕೊಟ್ರಿ. ಬೇಗ ಎತ್ತಿದ್ರೆ ಉಳೀತಿದ್ಲೋ ಏನೋ, ಆ ದ್ಯಾವ್ರೇ ಬಲ್ಲ. ಜನ ಹಾರ ಹಾಕಾಕೆ ಬಂದಾಗ ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ. ಈಗ ಇದು ನನ್ನ ಮುಖ ನೋಡಿದ್ರೆ ಸಾಕು, ಆವತ್ತಿಂದೇ ಕಣ್ಮುಂದೆ ಬರ್ತೈತೆ. ನಾನು ಹೆಂಗೆ ಬದುಕಲಿ ಹೇಳು.”

ನಾನೂ ಬಾಗಿಲಿಗೆ ಒರಗಿ ನೆಲಕ್ಕೆ ಕೂತೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯವರ ಮೊರದ ಸದ್ದು ನಿಂತುಹೋಗಿತ್ತು. ಅವರೂ ಕೇಳಿಸಿಕೊಂಡಿದ್ದರು. ಕೊನೆಗೆ ನಾನು ಹೇಳಿದ್ದು ಒಂದೇ, ಕೆಂಚಿ ಎಲ್ಲಿಗೂ ಹೋಗುವುದಿಲ್ಲ, ಕಳಿಸುವುದಾದರೆ ಅದನ್ನು ಕರೆದುಕೊಂಡು ನಾನೂ ಸೊಕ್ಕೆಗೆ ಹೋಗುತ್ತೇನೆ. ಇವರು ಎದ್ದು ಪಟ್ಟಿ ಬಿಚ್ಚಿದರು. ಕಣಕ್ಕೆ ಹೋಗಿ, ನಾಯಿ ತಂದಿದ್ದವರಿಗೆ ಇನ್ನು ಕಲಿಸುವುದಿಲ್ಲ ಎಂದು ಹೇಳಿ ಕಳಿಸಿದರು.

ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆ. ನನ್ನ ಕಾಲಿಗೆ ಎಣ್ಣೆ ತಿಕ್ಕುವುದನ್ನು ಮಾತ್ರ ಅವರು ಬಿಟ್ಟಿಲ್ಲ. ನಾನೂ ಬೇಡ ಎಂದಿಲ್ಲ. ಕೆಂಚಿಗೆ ಅವರೇ ಅನ್ನ ಇಡುತ್ತಾರೆ. ಅವರು ದೂರ ಸರಿಯುವವರೆಗೆ ಅದು ಮುಟ್ಟುವುದಿಲ್ಲ. ಕರಿಯಕ್ಕನ ಗಂಡ ಬೈಲಪ್ಪ ಮನೆಯ ಮುಂದೆ ಹಾಯ್ದರೆ ನಾವಿಬ್ಬರೂ ತಲೆ ತಗ್ಗಿಸುತ್ತೇವೆ. ಪಾಪ, ಅವನು ನಿಂತು, ಹೆಂಗಿದ್ದೀ ತಾಯಿ ಎಂದು ನನ್ನನ್ನೇ ವಿಚಾರಿಸಿ ಹೋಗುತ್ತಾನೆ. ಅವನಿಗೆ ಇದು ಗೊತ್ತಿಲ್ಲ. ಹೇಳಬೇಕೋ ಬೇಡವೋ, ಹೇಳಿದರೆ ಅವನ ಸಂಕಟ ಕಡಿಮೆಯಾಗುತ್ತದೋ ಇಮ್ಮಡಿಯಾಗುತ್ತದೋ, ನನಗೆ ತೋಚುತ್ತಿಲ್ಲ. ನಿನಗೆ ತೋಚಿದರೆ ಬರಿ.

ಅವ್ವ, ನಿನ್ನ ಅಳಿಯನನ್ನು ಕೆಟ್ಟವರೆಂದು ತಿಳಿಯಬೇಡ. ನನಗೆ ಅವರ ಮೇಲೆ ಮೊದಲಿನ ಮನಸ್ಸು ಇದೆಯೋ ಇಲ್ಲವೋ ಅನ್ನುವುದು ನನಗೇ ಸ್ಪಷ್ಟವಿಲ್ಲ. ಇಷ್ಟಂತೂ ಹೌದು, ಗುಡಿಯ ಮುಂದೆ ಎಲ್ಲರೆದುರು ಅವರ ಹೆಗಲಿಗೆ ಶಾಲು ಬಿದ್ದರೆ ಅವರು ಅಲ್ಲೇ ಸತ್ತುಹೋಗುತ್ತಾರೆ. ನಾನು ಬದುಕಿದ್ದಕ್ಕೆ ನೀನು ಕೈ ಮುಗಿಯುವುದಾದರೆ ಮನೆಯ ಜಗಲಿಯ ಮೇಲೆ ಒಬ್ಬಳೇ ಮುಗಿ. ಕರಿಯಕ್ಕನ ಹೆಸರಿನಲ್ಲಿ ಒಂದು ದೀಪ ಹಚ್ಚು.

ನಿನ್ನ ಮಂಡಿನೋವಿಗೆ ಬಿಸಿನೀರಿನ ಶಾಖ ಬಿಡಬೇಡ. ತಮ್ಮನಿಗೂ ಮಕ್ಕಳಿಗೂ ನನ್ನ ನೆನಪು ಹೇಳು.

ನಿನ್ನ ಮಗಳು,
ಕೊಟ್ರಮ್ಮ

ತಾ.ಕ.: ನಿನ್ನೆ ಬರೆದು ಮುಗಿಸಿ, ಇದನ್ನು ಅವರಿಗೆ ಓದಲು ಕೊಟ್ಟೆ. ಬಚ್ಚಿಟ್ಟು ಕಳಿಸಲು ಮನಸ್ಸಾಗಲಿಲ್ಲ. ಎರಡು ಸಲ ಓದಿದರು. ಏನನ್ನೂ ಹೊಡೆದುಹಾಕು ಅನ್ನಲಿಲ್ಲ. ಈಗ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಬೈಲಪ್ಪನ ಮನೆಗೆ ಹೋಗಿಬರುತ್ತೇನೆ ಎಂದು ಹೊರಟರು. ನಾನೂ ಬರಲೇ ಎಂದೆ, ಬೇಡ ಎಂದರು. ಹೊರಟವರು ಹಿಂದೆ ಬಂದು, ಅಲ್ಲಿ ನನಗೆ ಹೊಡೆದರೆ ನೀನು ಅಳಬಾರದು ಎಂದು ಹೇಳಿ ಹೋದರು. ಬೀದಿಯ ತಿರುವಿನವರೆಗೆ ಕಂಡರು. ನಾನು ಕಟ್ಟೆಯ ಮೇಲೆ ಕೂತಿದ್ದೇನೆ. ಪೋಸ್ಟಿನವನು ಬರುವ ಹೊತ್ತಾಯಿತು, ಅವರು ಇನ್ನೂ ಬಂದಿಲ್ಲ.