ನೀಲಗಂಗಮ್ಮನವರ ಎಲುಬಿನ ಚೂರು

ಫೆಬ್ರವರಿ ೩೦, ೨೨೧೪
ಗದಗ

ನೀಲಗಂಗಮ್ಮನವರಿಗೆ,

ಗುರುತು ಪರಿಚಯ ಇಲ್ಲದವಳು ಹೀಗೆ ಬರೆಯುತ್ತಿರುವುದಕ್ಕೆ ಮೊದಲೇ ಸಾರಿ ಕೇಳುತ್ತೇನೆ. ತಾರೀಖು ತಪ್ಪಿಲ್ಲ, ನಮ್ಮ ಕಾಲಕ್ಕೆ ಫೆಬ್ರವರಿಗೂ ಮೂವತ್ತು ದಿನ. ನನ್ನದು ಹಾಸ್ಟೆಲ್‌ಗಳಲ್ಲಿ ಬೆಳೆದ ಅರ್ಧ ಇಂಗ್ಲಿಷ್ ಕನ್ನಡ. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ. ಇದರ ಹಿಂಬದಿಯಲ್ಲಿ ನೀವು ಬರೆದದ್ದು ನನಗೆ ತಲುಪುತ್ತದೆ.

ನಾನು ಸುರಭಿ, ಹಲ್ಲಿನ ಡಾಕ್ಟರಿಕೆ ಓದುವ ಫಸ್ಟ್ ಇಯರ್ ಹುಡುಗಿ. ನನ್ನ ರೂಮ್‌ಮೇಟ್ ರೇವಕ್ಕನಿಗೆ ಇವತ್ತು ಮುಂದಿನ ಹಲ್ಲಿನ ಬೇರಿನ ತುದಿ ಕತ್ತರಿಸಿ, ಅಲ್ಲಿದ್ದ ಕೀವಿನ ಗಂಟು ತೆಗೆದರು. ಸಣ್ಣ ಗುಂಡಿಯಾದರೆ ಹೆಪ್ಪುಗಟ್ಟಿದ ರಕ್ತದಲ್ಲೇ ಹೊಸ ಎಲುಬು ಬೆಳೆಯುತ್ತದೆ. ಇವಳದು ತುಟಿ ಕಡೆಯಿಂದ ಅಂಗುಳಿನ ಕಡೆಗೆ ಆರಪಾರ ತೂತು. ಹಾಗೇ ಬಿಟ್ಟರೆ ಎಲುಬಿಗಿಂತ ಮೊದಲು ಒಸಡಿನ ಮಾಂಸ ನುಗ್ಗಿ ಜಾಗ ಹಿಡಿಯುತ್ತದೆ. ಹಲ್ಲು ಉಳಿಯುವುದು ಕಷ್ಟ. ಅದಕ್ಕೇ ಎಲುಬಿನ ಪುಡಿ ತುಂಬಿ, ಮೇಲೊಂದು ತೆಳು ಪರದೆ ಹಾಸಿ ಹೊಲಿಯುತ್ತಾರೆ.

ಪುಡಿ ಇನ್ನೊಬ್ಬರ ಎಲುಬಿನದು. ಹಾಗಾಗಿ ನಮ್ಮಲ್ಲಿ ‘ಕೇಳಿಕೆ’ ಎಂಬ ಪದ್ಧತಿ ಇದೆ. ಸೀಸೆಯ ಮೇಲೆ ಕೊಟ್ಟವರ ಮನೆಯ ವಿಳಾಸ ಇರುತ್ತದೆ. ಫಸ್ಟ್ ಇಯರ್‌ನವರು ಎಲೆ ಅಡಿಕೆ ಹಿಡಿದು ಆ ಮನೆಗೆ ಹೋಗಿ, “ನಿಮ್ಮ ಎಲುಬು ನಮ್ಮವರ ಬಾಯಿಗೆ ಸೇರಬಹುದೇ?” ಎಂದು ಕೇಳಬೇಕು. ಅವರು ಒಂದು ಚಿಟಿಕೆ ಸಕ್ಕರೆ ಕೊಟ್ಟರೆ ಒಪ್ಪಿಗೆ. ಹಲ್ಲಿನವರಿಗೆ ಸಕ್ಕರೆಯೇ ಅಂತ ನಗಬೇಡಿ.

ಇವತ್ತು ಹೋದರೆ ಮನೆಗೆ ಬೀಗ. ಪಕ್ಕದ ಮನೆಯಾಕೆ ನನ್ನ ಎಲೆ ಅಡಿಕೆ ನೋಡಿ ನಕ್ಕೇಬಿಟ್ಟರು. “ಅವರನ್ನೇನ್ ಕೇಳ್ತಿ ತಂಗಿ? ಹೂಂ ಅನ್ನಾಕಂತ ಪುಡಿ ಮಾರೋ ಕಂಪನಿಯೋರು ಪಗಾರ ಕೊಟ್ಟು ಇಟ್ಟ ಮಂದಿ ಅವರು!”

ಓಡಿ ಬಂದು, ರೇವಕ್ಕನ ಆಪರೇಷನ್ ಮಾಡುತ್ತಿದ್ದ ನಮ್ಮ ಮೇಡಂ ಅವರನ್ನು ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: ಎಲ್ಲ ಸೀಸೆಯ ಪುಡಿಯೂ ಒಬ್ಬರದೇ. ನಿಮ್ಮದು. ನಿಮ್ಮ ಕಾಲದ ಲೆಕ್ಕದಲ್ಲಿ ನಾಳೆ ನಿಮಗೂ ಇದೇ ಆಪರೇಷನ್. ಆಗ ಕೊರೆದು ತೆಗೆದ ಎಲುಬಿನ ಚೂರನ್ನು ಡಾಕ್ಟರು ನಿಮಗೆ ಹೇಳದೆ ಎತ್ತಿಡುತ್ತಾರೆ. ಅದನ್ನೇ ಕಂಪನಿಯವರು ಇಷ್ಟು ವರ್ಷ ಬೆಳೆಸಿ ಬೆಳೆಸಿ ಊರೂರಿಗೆ ಕಳಿಸಿದ್ದಾರೆ. ಚಿಕ್ಕವಳಿದ್ದಾಗ ನನ್ನ ದವಡೆಗೂ ಅದನ್ನೇ ತುಂಬಿದ್ದರಂತೆ. ಇದನ್ನು ಕೇಳಿದಾಗಿನಿಂದ ನಾಲಿಗೆ ಪದೇ ಪದೇ ಆ ಹಲ್ಲಿನ ಬುಡಕ್ಕೇ ಹೋಗುತ್ತಿದೆ.

ರೇವಕ್ಕನಿಗೆ ವಿಷಯ ಹೇಳಿದ್ದೇ ತಡ, ಮರಗಟ್ಟಿದ ತುಟಿಯಲ್ಲೇ ಜಗಳ ಶುರು.

“ಕೇಳದ ತಂದಿದ್ದು ನನಗ ಬ್ಯಾಡ. ಆಯಮ್ಮ ಹೂಂ ಅನ್ನಲಿ, ಆಮ್ಯಾಲೆ ತುಂಬ್ರಿ.”

“ಬಾಯಿ ತಕ್ಕೊಂಡು ಕುಂತು ಏನ್ ಹಟಾನ ಇದು?” ಎಂದು ಮೇಡಂ ರೇಗಿದರು.

“ಬಾಯಿ ನಂದೈತ್ರಿ ಮೇಡಂ.”

ಗಾಯಕ್ಕೆ ಒದ್ದೆ ಬಟ್ಟೆ ಒತ್ತಿ ಹಾಗೇ ಕೂರಿಸಿದ್ದಾರೆ. ಮರಗಟ್ಟಿದ್ದು ಇಳಿಯುವುದರೊಳಗೆ ಹೊಲಿಯಬೇಕು. ನೀವು ಬೇಡ ಅಂದರೆ ಅವಳದೇ ರಕ್ತ ಯಂತ್ರದಲ್ಲಿ ಗಿರಗಿರ ತಿರುಗಿಸಿ ಗಟ್ಟಿ ಮಾಡಿ ಇಡುತ್ತಾರೆ. ಅಷ್ಟು ದೊಡ್ಡ ಗುಂಡಿಗೆ ಅದು ಸಾಕಾಗುತ್ತದೋ ಇಲ್ಲವೋ ಎಂದು ಮೇಡಂಗೂ ಅನುಮಾನ. ಅದಕ್ಕೆ ಹೆದರಿ ನೀವು ಹೂಂ ಅನ್ನಬೇಕಿಲ್ಲ. ನಾಳೆ ನಿಮ್ಮ ಡಾಕ್ಟರನ್ನು ಆ ಚೂರು ಎಲ್ಲಿ ಅಂತ ಕೇಳುವುದು, ವಾಪಸ್ ಪಡೆಯುವುದು ನಿಮ್ಮ ಇಷ್ಟ.

ರೇವಕ್ಕನಿಗೆ ನಿಮ್ಮ ಎಲುಬು ಹಾಕಬಹುದೇ, ಬೇಡವೇ? ಒಂದೇ ಮಾತಾದರೂ ಸಾಕು, ದಯವಿಟ್ಟು ಬೇಗ ಉತ್ತರ ಬರೆಯಿರಿ.

ಸುರಭಿ