ಗುರುವಾರದವರೆಗೆ ತೆಳು ಅಂಗಿ

ಮುಗಿಲ್ಗೇರಿ ಬೆಟ್ಟಸೀಮೆ,
ಹಿಮಶಕೆ ೨೧೨, ಮಾಗಿ ತಿಂಗಳು, ಮೂವತ್ತನಾಲ್ಕನೇ ತಾರೀಕು, ಭಾನುವಾರ

ನಮಗಿಂತ ಬಹಳ ಹಿಂದೆ ಹವಾಮಾನದ ಮುನ್ನೋಟ ಓದಿದ, ಹೆಸರು ತಿಳಿಯದ ಹಿರಿಯರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಚಳಿಗಾಲ ನಿಮ್ಮ ತಿಂಗಳುಗಳಲ್ಲಿ ಹಿಡಿಸದೆ ಹೋದದ್ದರಿಂದ ತಿಂಗಳನ್ನೇ ಹಿಗ್ಗಿಸಿದ್ದಾರೆ. ತಿಂಗಳು ಹಿಗ್ಗಿತು, ಸಂಬಳ ಹಿಗ್ಗಲಿಲ್ಲ. ಈ ಒಂದು ವಿಷಯದಲ್ಲಾದರೂ ನೀವು ನಮ್ಮನ್ನು ಸುಲಭವಾಗಿ ಅರ್ಥಮಾಡಿಕೊಳ್ಳುವಿರಿ. ಮಿಕ್ಕ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡ ಕೇಳಿದರೆ ನಮಗೆ ತಾತನ ಕೋಟು ತೊಟ್ಟ ಹಾಗಾಗುತ್ತದೆ. ನಮ್ಮ ಕನ್ನಡ ನಿಮಗೆ ಮೊಮ್ಮಗನ ಚಡ್ಡಿಯಲ್ಲಿ ಕಾಲು ತೂರಿಸಿದ ಹಾಗಾಗಬಹುದು. ಈ ಕಾಗದ ನಿಮ್ಮನ್ನು ತಲುಪುವ ದಾರಿ ನನಗೆ ಗೊತ್ತಿಲ್ಲ, ಆ ತಲೆನೋವನ್ನು ಅಂಚೆಯವರಿಗೆ ಬಿಟ್ಟಿದ್ದೇನೆ.

ಕೆಳಸೀಮೆಯಲ್ಲಿ ನೆಲ ಅಗೆಯುವಾಗ ಸಿಕ್ಕ ಹಳೆಯ ಧ್ವನಿಮುದ್ರಣವೊಂದನ್ನು ಈಚೆಗೆ ನಮ್ಮ ಕಚೇರಿಗೆ ಕಳುಹಿಸಿದ್ದರು. ಅದರಲ್ಲಿ ನೀವು ನಿಮ್ಮ ಕಾಲದ ಒಂದು ಚಳಿವಾರದ ಮುನ್ನೋಟ ಓದಿದ್ದೀರಿ. ಬೆಟ್ಟ ಪ್ರದೇಶದಲ್ಲಿ ಒಣ ಹವೆ ಮುಂದುವರಿಯಲಿದೆ, ಬೆಳಗಿನ ಹೊತ್ತು ಮಂಜು ಕವಿಯಲಿದೆ, ಒಂದೆರಡು ಕಡೆ ಚಳಿ ತೀವ್ರವಾಗುವ ಸಾಧ್ಯತೆ ಇದೆ. ನಾವು ಮತ್ತೆ ಮತ್ತೆ ಕೇಳಿದೆವು. ಆ ಒಂದೆರಡು ಕಡೆ ಯಾವುವು ಎಂದು ನೀವು ಕೊನೆಗೂ ಹೇಳಲಿಲ್ಲ. ಎಂಥ ನೆಮ್ಮದಿಯ ದನಿ! ಓದಿ ಮುಗಿಸಿ, ಬಾಗಿಲು ಹಾಕಿಕೊಂಡು, ಮನೆಗೆ ಹೋಗಿ ಉಂಡು ಮಲಗಿದ ದನಿ. ನಮ್ಮಲ್ಲಿ ಈ ಕೆಲಸ ಹಾಗಿಲ್ಲ. ಅದನ್ನು ನಿಮಗೆ ತಿಳಿಸಬೇಕೆನಿಸಿತು, ಅದರಲ್ಲೂ ಈ ವಾರ ನಡೆದದ್ದರ ಮೇಲೆ.

ಸಮುದ್ರದ ಪ್ರವಾಹಗಳು ದಾರಿ ಬದಲಿಸಿದ ಮೇಲೆ ದಕ್ಷಿಣದ ಬೆಟ್ಟಗಳಿಗೂ ಹಿಮ ಬಂತು. ನೀವು ಶಾಲು ಹೊದ್ದು ಫೋಟೊ ತೆಗೆಸಿಕೊಳ್ಳಲು ಬರುತ್ತಿದ್ದ ಜಾಗಗಳಲ್ಲಿ ಈಗ ಮೂಗು ಹೊರಗಿಡಲೂ ಯೋಚಿಸಬೇಕು. ಕಾಫಿ ಗಿಡ ಚಿತ್ರದಲ್ಲಷ್ಟೇ ಇದೆ. ಹುರಿದ ಬಾರ್ಲಿಯನ್ನು ಕುದಿಸಿ ಕುಡಿದು ಅದಕ್ಕೇ ಕಾಫಿ ಎನ್ನುತ್ತೇವೆ. ಯಾರೂ ತಕರಾರು ಮಾಡಿಲ್ಲ, ಹೋಲಿಸಿ ನೋಡಬಲ್ಲವರು ಉಳಿದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಿಸಿಗಲ್ಲುಗಳನ್ನು ಅಂಗಳಕ್ಕೆ ಹೊರುತ್ತೇವೆ. ಬಿಸಿಗಲ್ಲು ಎಂದರೆ ಹಗಲು ಬಿಸಿಲು ಕುಡಿದು ರಾತ್ರಿ ಶಾಖ ಬಿಡುವ ಕರಿ ಇಟ್ಟಿಗೆ. ನೀವು ಹಪ್ಪಳ ಒಣಗಿಸುತ್ತಿದ್ದ ಹಾಗೆ ಚಾಪೆಯ ಮೇಲೆ ಹರಡಿ, ನೀವು ಕಾಗೆ ಕಾಯುತ್ತಿದ್ದ ಹಾಗೆ ನೆರೆಮನೆಯವರನ್ನು ಕಾಯುತ್ತೇವೆ. ಮುದ್ದೆ ತಟ್ಟೆಗೆ ಬಿದ್ದ ಮೇಲೆ ಮಾತಾಡುವಂತಿಲ್ಲ, ಆರಿದರೆ ಅದೂ ಇಟ್ಟಿಗೆಯೇ. ಊರಿಂದೂರಿಗೆ ಹಗ್ಗದೋಣಿಯಲ್ಲಿ ಹೋಗುತ್ತೇವೆ. ಅದು ಕಣಿವೆಯ ಮೇಲೆ ಹಗ್ಗಕ್ಕೆ ತೂಗುಬಿದ್ದು ಸಾಗುವ ಪೆಟ್ಟಿಗೆ. ಗಾಳಿ ಎದ್ದರೆ ನಿಲ್ಲುತ್ತದೆ, ಸಾಮಾನ್ಯವಾಗಿ ನಟ್ಟನಡುವೆ.

ನಮ್ಮ ಕಚೇರಿಯಲ್ಲಿ ಇರುವವರು ಇಬ್ಬರೇ. ಗಾಳಿಗಣಿ ಎಂಬ ಯಂತ್ರ ಮೋಡ, ಗಾಳಿ, ತೇವವನ್ನೆಲ್ಲ ಅಗೆದು ಅಗೆದು ನೂರಕ್ಕೆ ಇಷ್ಟು ಎಂದು ಹೇಳಿ ಸುಮ್ಮನಾಗುತ್ತದೆ. ಅದನ್ನು ನೋಡಿ ವಾರ ಹೀಗಿರುತ್ತದೆ ಎಂದು ತೀರ್ಮಾನಿಸುವವಳು ಕುಮುದಿನಿ, ಮೂವತ್ತರ ಆಸುಪಾಸಿನ ಹುಡುಗಿ. ಅವಳ ತೀರ್ಮಾನವನ್ನು ಪ್ರಾಸಕ್ಕೆ ಕೂಡಿಸುವವನು ನಾನು. ಚಳಿ ಬಲಿತರೆ ತಂತಿಗಳು ಮೂಕವಾಗುತ್ತವೆ. ಪ್ರಾಸವಾದರೆ ಬಾಯಿಂದ ಬಾಯಿಗೆ ಹಾರಿ, ಕೈಕಾಲು ಮುರಿಯದೆ ಹಟ್ಟಿಹಟ್ಟಿಗೂ ತಲುಪುತ್ತದೆ. ನಾನು ಕನ್ನಡವನ್ನೇ ಓದಿ ಪದವಿ ಪಡೆದವನು. ಹವೆಯ ಬಗ್ಗೆ ನನಗೆ ಗೊತ್ತಿರುವುದು ಅದು ಯಾವುದಕ್ಕೆ ಪ್ರಾಸವಾಗುತ್ತದೆ ಎಂಬುದಷ್ಟೇ.

ಇನ್ನು ನಮ್ಮ ಮಾತುಡುಗೆಯ ವಿಷಯ. ಮುನ್ನೋಟ ಹೇಳಿದವರು ತಮ್ಮ ಮಾತನ್ನು ತಾವೇ ಉಡಬೇಕು. ಎಳೆಬಿಸಿಲು ಎಂದರೆ ಆ ದಿನ ತೆಳು ಅಂಗಿ, ಹಿಮ ಎಂದರೆ ಕಂಬಳಿ. ಹಗಲೆಲ್ಲ ಹಗ್ಗದೋಣಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು. ಹವೆ ಏನೇ ಆಗಲಿ, ಬಟ್ಟೆ ಬದಲಿಸುವಂತಿಲ್ಲ. ಆದ್ದರಿಂದಲೇ ನಿಮ್ಮ ಸಾಧ್ಯತೆ ಎಂಬ ಮಾತಿಗೆ ನಮ್ಮಲ್ಲಿ ಜಾಗವಿಲ್ಲ, ಅದನ್ನು ಉಡಲು ಬರುವುದಿಲ್ಲ. ಒಮ್ಮೆ ಯಾರೋ ಸ್ವೆಟರಿನ ಒಂದೇ ತೋಳು ಹಾಕಿಕೊಂಡು ಬಂದಿದ್ದರಂತೆ. ಅವರ ವಂಶದವರನ್ನು ಈಗಲೂ ಒಂಟಿತೋಳಿನವರು ಎನ್ನುತ್ತಾರೆ. ಕುಮುದಿನಿಗೆ ಮುಂಚೆ ಇದ್ದ ಸಿಂಗ್ರಯ್ಯನವರು ಬಹಳ ಜಾಣರು. ಬೇಸಿಗೆಯಲ್ಲೂ ಹಿಮವೆಂದೇ ಹೇಳಿ ಕಂಬಳಿಯ ಮೇಲೆ ಕಂಬಳಿ ಹೊದ್ದು ಕಾಲ ಕಳೆದರು. ಅವರ ಕಾಲದಲ್ಲಿ ಯಾರೂ ಚಳಿಗೆ ಸಾಯಲಿಲ್ಲ, ಯಾರೂ ಎಲ್ಲಿಗೂ ಹೋಗಲೂ ಇಲ್ಲ. ಆಮೇಲೆ ಜನ ಕಟ್ಟೆಯ ಕಡೆ ನೋಡುವುದನ್ನೇ ಬಿಟ್ಟರು. ಕುಮುದಿನಿ ಬಂದು, ಇದ್ದದ್ದನ್ನು ಇದ್ದ ಹಾಗೆ ಉಡತೊಡಗಿದ ಮೇಲೆ ಮತ್ತೆ ನೋಡಲು ಕಲಿತರು.

ಹೋದ ಭಾನುವಾರ ಗಾಳಿಗಣಿ ಹೇಳಿದ್ದು ಇಷ್ಟು: ಹಿಮಗಾಳಿ ಬರುವುದು ಖಂಡಿತ, ಆದರೆ ಮಂಗಳವಾರವೋ ಗುರುವಾರವೋ ಎಂದರೆ ಎರಡಕ್ಕೂ ಸರಿಸಮ. ಕೇಳಲು ಬಂದು ಕಟ್ಟೆಯ ಕೆಳಗೆ ನಿಂತವರಲ್ಲಿ ಬೀರವ್ವನೂ ಇದ್ದಳು. ಆಕೆ ಮೇಲ್ದಿಣ್ಣೆಯಲ್ಲಿ ಕುರಿ ಮೇಯಿಸುವವಳು. ಹಿಂಡಿನ ಬಹುಪಾಲು ತುಂಬು ಗಬ್ಬ, ಇವತ್ತೋ ನಾಳೆಯೋ ಈಯುವಂಥವು. ಕೂಡಲೇ ಇಳಿಸಿದರೆ ಕಡಿದಾದ ದಾರಿಯಲ್ಲೇ ಈದು ಮರಿಗಳು ಕೈತಪ್ಪುತ್ತವೆ. ಇಳಿಸದೆ ಕೂತು ಹಿಮಗಾಳಿ ಬಂದರೆ ತಾಯಿಯೂ ಇಲ್ಲ, ಮರಿಯೂ ಇಲ್ಲ. ಅವಳಿಗೆ ಬೇರೆ ಬದುಕಿಲ್ಲ, ಆ ಹಿಂಡೇ ಬದುಕು. ಕುಮುದಿನಿ ಬಹಳ ಹೊತ್ತು ಯೋಚಿಸಿದಳು. ಎರಡು ದಿನ ಸಿಕ್ಕರೆ ಮೇಲೆಯೇ ಈಯುತ್ತವೆ, ಮರಿಗಳ ಕಾಲು ಗಟ್ಟಿಯಾಗುತ್ತವೆ ಎಂದು ಲೆಕ್ಕ ಹಾಕಿ ಗುರುವಾರ ಎಂದಳು. ನಾನು ಹೊಸೆದೆ:

ಸೋಮ ಮಂಗಳ ಬಿಸಿಲು ತೆಳ್ಳಗೆ,
ಬುಧನ ದಿನವೂ ಗಾಳಿ ಮೆಲ್ಲಗೆ;
ಗುರುವಾರ ಬೆಟ್ಟ ಬೆಳ್ಳಬೆಳ್ಳಗೆ,
ಅಷ್ಟರೊಳಗೆ ಇಳಿಯಿರಿ ಹಳ್ಳಿಗೆ.

ಪ್ರಾಸಕ್ಕಾಗಿ ಗುರುವಾರ ಮಾಡಿದ್ದು ನಾನೇ ಎಂದು ಆಮೇಲೆ ಕೆಲವರು ಆಡಿಕೊಂಡರು. ಅದು ಸುಳ್ಳು. ಮಂಗಳವಾರಕ್ಕೂ ನನ್ನ ಹತ್ತಿರ ಪ್ರಾಸ ತಯಾರಿತ್ತು.

“ಪದ ಚೆನ್ನಾಗೈತೆ ಮೇಷ್ಟ್ರೇ,” ಎಂದಳು ಬೀರವ್ವ. “ಪ್ರಾಸ ಹೊದ್ದುಕೊಂಡ್ರೆ ನನ್ ಕುರಿ ಬೆಚ್ಚಗಾಗಲ್ಲ.” ಆಮೇಲೆ ಕುಮುದಿನಿಯ ಕಡೆ ತಿರುಗಿ, “ಏನವ್ವ, ಬುಧವಾರದ ಗಂಟ ತೆಳು ಅಂಗೀನೇ ತಾನೇ?” ಎಂದು ಕೇಳಿದಳು. ಕುಮುದಿನಿ ಹೌದೆಂದು, ಹೊದ್ದಿದ್ದ ಕಂಬಳಿ ತೆಗೆದು ಮಡಿಸಿ ನನ್ನ ಕೈಗೆ ಕೊಟ್ಟಳು. ಅಷ್ಟು ಸಾಕಾಯಿತು. ಬೀರವ್ವ ಮೇಲ್ದಿಣ್ಣೆಗೆ ಹತ್ತಿಹೋದಳು.

ಹಿಮಗಾಳಿ ಮಂಗಳವಾರ ಮಧ್ಯಾಹ್ನ ಬಂತು. ಬಿಸಿಗಲ್ಲುಗಳನ್ನು ಒಳಗೆ ಸಾಗಿಸುವಷ್ಟೂ ಪುರುಸೊತ್ತು ಕೊಡಲಿಲ್ಲ. ದಿಣ್ಣೆಯ ದಾರಿ ಬೆಳ್ಳಗೆ ಅಳಿಸಿಹೋಯಿತು. ಹತ್ತಲು ಹೊರಟ ಗಂಡಸರು ಅರ್ಧ ದಾರಿಯಿಂದ ವಾಪಸು ಬಂದರು. ಕುಮುದಿನಿ ತೆಳು ಅಂಗಿಯಲ್ಲೇ ಕಟ್ಟೆಯ ಮೇಲೆ ನಿಂತಿದ್ದಳು. ರಾತ್ರಿ ಒಳಗೆ ಮಲಗಬಹುದು, ಹಗಲು ನಿಲ್ಲಲೇಬೇಕು. ನಡುವೆ ಕಂಬಳಿ ಹೊದಿಸುವ ಹಕ್ಕು ಇರುವುದು ಮಾತು ನಂಬಿ ನಷ್ಟಪಟ್ಟವರಿಗೆ ಮಾತ್ರ. ಅಂಥವಳು ಬೀರವ್ವ ಒಬ್ಬಳೇ, ಅವಳು ಬದುಕಿದ್ದಾಳೋ ಇಲ್ಲವೋ ಯಾರಿಗೂ ತಿಳಿಯದು. ಮಡಿಸಿದ ಕಂಬಳಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವುದೇ ನನ್ನ ಕೆಲಸವಾಯಿತು. ಅಂಥ ಕೆಲಸಕ್ಕೆ ನನ್ನಲ್ಲಿ ಯಾವ ಪ್ರಾಸವೂ ಇರಲಿಲ್ಲ.

ಬುಧವಾರ ಗಾಳಿ ಸ್ವಲ್ಪ ತಗ್ಗಿದಾಗ ಬೀರವ್ವ ಇಳಿದುಬಂದಳು. ಹಿಂದೆ ಅರ್ಧಕ್ಕಿಂತ ಕಡಿಮೆ ಹಿಂಡು. ಹೆಗಲಲ್ಲಿ, ಕಂಕುಳಲ್ಲಿ, ಸೆರಗಿನ ಗಂಟಿನಲ್ಲಿ ಮರಿಗಳು. ಹುಬ್ಬಿನ ಮೇಲೆ ಹಿಮ ಕಟ್ಟಿತ್ತು. ಕಟ್ಟೆಯ ಮುಂದೆ ಒಂದು ಗಳಿಗೆ ನಿಂತು, “ನಿನ್ ಮಾತು ನಂಬ್ಕೊಂಡು ಕುಂತಿದ್ದೆ ಕಣೆ. ಸತ್ತೋದ್ವು,” ಎಂದಳು. ಅಷ್ಟೇ. ಕಂಬಳಿ ಹೊದಿಸಲಿಲ್ಲ, ಬೈಯಲೂ ಇಲ್ಲ, ಕೊಟ್ಟಿಗೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮರಳಿ ಬಂದಳು, ಕೈಯಲ್ಲಿ ಆಗತಾನೆ ಹುಟ್ಟಿದ ತಾಯಿಯಿಲ್ಲದ ಮರಿ. ಅದನ್ನು ಕುಮುದಿನಿಯ ಅಂಗಿಯ ಒಳಕ್ಕೆ ಇಳಿಬಿಟ್ಟು ಗುಂಡಿ ಹಾಕಿದಳು.

“ನಿನ್ನ ಮಾಫಿ ಮಾಡಿದೀನಿ ಅಂದ್ಕೋಬೇಡ,” ಎಂದಳು. “ಕೊಟ್ಟಿಗೇಲಿ ಒಲೆ ಸಾಲ್ತಿಲ್ಲ. ಮರಿಗೆ ಮೈಶಾಖ ಬೇಕು.”

ಮರಿ ನಡುಗುತ್ತಿತ್ತು, ಕುಮುದಿನಿ ಅದಕ್ಕಿಂತ ಹೆಚ್ಚು ನಡುಗುತ್ತಿದ್ದಳು. ಯಾರು ಯಾರಿಗೆ ಶಾಖ ಕೊಟ್ಟರೆಂದು ಗಾಳಿಗಣಿಯೂ ಹೇಳಲಾರದು. ಸಂಜೆಗೆ ಮರಿ ಅರಚಿತು. ಗುರುವಾರ ಬೆಳಿಗ್ಗೆ ಅವಳ ಮುನ್ನೋಟದಂತೆಯೇ ಅವಳು ಕಂಬಳಿ ಹೊದೆಯಬಹುದಾಯಿತು. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು.

ಮುಗಿಯದೆ ಉಳಿದದ್ದು ನಿನ್ನೆ ಮಧ್ಯಾಹ್ನ ಎದ್ದಿತು. ಕೆಳಗೆ ಮೇವು ಖಾಲಿಯಾಗುತ್ತಿದೆ. ಉಳಿದ ಕುರಿಗಳನ್ನು ಮೇಲ್ದಿಣ್ಣೆಗೆ ಹೊಡೆಯಬಹುದೇ ಎಂಬುದು ಬರುವ ವಾರದ ಹವೆಯ ಮೇಲೆ ನಿಂತಿದೆ. ಗಾಳಿಗಣಿ ಮತ್ತೆ ತಿಳಿಗೂ ಹಿಮಕ್ಕೂ ಸರಿಸಮ ಎಂದಿದೆ. ಕುಮುದಿನಿ ನಿಮ್ಮ ಧ್ವನಿಮುದ್ರಣವನ್ನು ಇನ್ನೊಮ್ಮೆ ಹಾಕಿ ಕೇಳಿದಳು. “ರಂಗಧಾಮಣ್ಣ, ನಾನೂ ಹೀಗೇ ಹೇಳ್ಬಿಡ್ತೀನಿ. ತಿಳಿಯಾಗುವ ಸಾಧ್ಯತೆ ಇದೆ ಅಂತ. ಬೇಕಾದ್ರೆ ಒಂಟಿತೋಳಿನವಳು ಅನ್ಲಿ,” ಎಂದಳು. ನಾನು ಬೇಡವೆನ್ನಲಿಲ್ಲ. ಅವಳ ಬೆರಳುಗಳಿಗೆ ಇನ್ನೂ ಬಣ್ಣ ಬಂದಿರಲಿಲ್ಲ. ಬೇಡವೆಂದದ್ದು, ಹಿಂಡಿಗೆ ಉಪ್ಪು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಬೀರವ್ವ.

“ಸಾಧ್ಯತೆ ಅಂದ್ರೆ ನಾನ್ ಏನ್ ಮಾಡ್ಲಿ? ಅರ್ಧ ಕುರಿ ಮೇಲಕ್ಕೆ, ಅರ್ಧ ಕೆಳಕ್ಕೆ ಹೊಡೀಲಾ? ಮಂಗಳವಾರ, ಬುಧವಾರ ನೀನು ಕಟ್ಟೆ ಮೇಲೆ ನಿಂತಿದ್ದು ದಿಣ್ಣೆ ಮೇಲಿಂದ ಕಾಣ್ತಿತ್ತು ಕಣವ್ವ. ಗಾಳಿ ಸರಿದಾಗೆಲ್ಲ ಕಾಣ್ತಿತ್ತು. ಆ ಕೆಂಪು ಅಂಗಿ ನೋಡ್ಕೊಂಡೇ ದಾರಿ ಹಿಡಿದೆ. ತಪ್ಪಾದ್ರೆ ತಪ್ಪೇ ಹೇಳು. ಒಂದ್ ಹೇಳು.”

ಇವತ್ತು ಬೆಳಿಗ್ಗೆ ಕುಮುದಿನಿ ಕಟ್ಟೆ ಹತ್ತಿ, ಬುಧವಾರದಿಂದ ತಿಳಿ ಎಂದಳು. ಮಾತು ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಇದನ್ನು ಬರೆಯುತ್ತಿರುವಾಗ ಕಿಟಕಿಯಾಚೆ ಬೀರವ್ವ ಬುಧವಾರದ ಪಯಣಕ್ಕೆಂದು ಕುರಿಗಳ ಗೊರಸಿಗೆ ಎಣ್ಣೆ ಸವರುತ್ತಿದ್ದಾಳೆ, ಬಾಯಲ್ಲಿ ನನ್ನ ಹೊಸ ಪ್ರಾಸ, ಒಂದು ಪದ ತಪ್ಪಾಗಿ.

ಹಿರಿಯರೇ, ಒಂದು ಕೇಳಿಕೆ. ನಿಮ್ಮ ಕಾಲದ ಬೆಟ್ಟಗಳಲ್ಲೂ ಈ ವಾರ ಚಳಿ ಇರುತ್ತದೆ. ಯಾರೋ ಒಬ್ಬರು ನಿಮ್ಮ ಮಾತು ಕೇಳಿ ಮೇಲಕ್ಕೋ ಕೆಳಕ್ಕೋ ಹೊರಡುತ್ತಾರೆ. ಆ ಒಬ್ಬರಿಗೆ ಹೇಳುವ ಹಾಗೆ ಹೇಳಿ. ಎಷ್ಟು ಜಾಗ್ರತೆ ಮಾಡಿದರೂ ಕೆಲವು ಸಲ ತಪ್ಪುತ್ತದೆ. ತಪ್ಪಿದ ದಿನ ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಡಿ. ಅವರು ಇಳಿದುಬರುವ ದಾರಿಯಲ್ಲಿ, ದೂರದಿಂದ ಕಾಣುವ ಹಾಗೆ ನಿಂತಿರಿ.

ಇತಿ,
ರಂಗಧಾಮ
ಪ್ರಾಸದ ಮೇಷ್ಟ್ರು, ಮುಗಿಲ್ಗೇರಿ ಮುನ್ನೋಟ ಕಚೇರಿ